ಶಾಂತಿಗಾಗಿ ಪತ್ರ: ಯಾರಿಗೆ, ಏನೆಂದು ಬರೆಯಬೇಕು?

ಜನಪ್ರತಿನಿಧಿಗಳ ಕರ್ತವ್ಯಗಳನ್ನು ರಾಜ್ಯಶಾಸ್ತ್ರದಲ್ಲಿ ಓದುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ. ಅದೇ ಪ್ರತಿನಿಧಿಗೆ ಒಂದು ಪತ್ರ ಬರೆಯಿರಿ ಎಂದರೆ ಹಿಂಜರಿಯುತ್ತೇವೆ. ರಸ್ತೆ, ನೀರು, ಬಸ್ಸಿಗಾದರೆ ಸರಿ. ಯುದ್ಧ, ಅಣ್ವಸ್ತ್ರದಂಥ ವಿಷಯದಲ್ಲಿ ನಮ್ಮ ಪತ್ರದಿಂದ ಏನಾದೀತು ಎಂಬ ಅನುಮಾನ. ಹಿಂದೊಮ್ಮೆ ಏನಾಯಿತೆಂದು ನೋಡೋಣ.

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಹೈಡ್ರೋಜನ್ ಬಾಂಬ್ ಸ್ಫೋಟಿಸಿತು. ವಿಕಿರಣದ ಬೂದಿ ಜಪಾನಿನ ಮೀನುಗಾರರ ಮೇಲೆ ಬಿತ್ತು. ಏಪ್ರಿಲ್ 2ರಂದು ಪ್ರಧಾನಿ ನೆಹರೂ ಲೋಕಸಭೆಯಲ್ಲಿ, ಇಂಥ ಪರೀಕ್ಷೆಗಳನ್ನು ನಿಲ್ಲಿಸುವ ಒಪ್ಪಂದವಾಗಲಿ ಎಂದು ಕೇಳಿದರು. ಪರೀಕ್ಷೆಗಳು ನಿಲ್ಲಲಿಲ್ಲ. ಸ್ಫೋಟಗಳಿಂದ ಹರಡಿದ ಸ್ಟ್ರಾನ್ಷಿಯಂ-90 ಮಳೆಯೊಂದಿಗೆ ಹುಲ್ಲಿಗಿಳಿದು, ಹಸುವಿನ ಹಾಲಿಗೆ ಬಂತು. ವಿಜ್ಞಾನ ವಿಭಾಗದವರಿಗೆ ಗೊತ್ತಿರಬಹುದು, ಅದು ಕ್ಯಾಲ್ಸಿಯಂ ಗುಂಪಿನದೇ ಧಾತು. ಹಾಗಾಗಿ ಮಕ್ಕಳ ಎಲುಬು, ಹಲ್ಲುಗಳಲ್ಲಿ ಸೇರಿಕೊಳ್ಳುತ್ತದೆ. ಸೇಂಟ್ ಲೂಯಿಸ್ ನಗರದಲ್ಲಿ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಇದನ್ನು ಅಳೆದರು. 1961ರ ನವೆಂಬರ್ 1ರಂದು ಅಮೆರಿಕದ ಸುಮಾರು 60 ನಗರಗಳಲ್ಲಿ ಮಹಿಳೆಯರು ಬೀದಿಗಿಳಿದರು. ಅವರಲ್ಲಿ ಬಹಳಷ್ಟು ಮಂದಿ ಗೃಹಿಣಿಯರು. ಮೆರವಣಿಗೆ ಮುಗಿದ ಮೇಲೂ ತಮ್ಮ ಪ್ರತಿನಿಧಿಗಳಿಗೆ ಪತ್ರ ಬರೆಯುವುದನ್ನು ಅವರು ಬಿಡಲಿಲ್ಲ.

1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು. ಅಮೆರಿಕದಲ್ಲಿ ಒಪ್ಪಂದಕ್ಕೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. ಆದ್ದರಿಂದ ಸೆನೆಟರ್‌ಗೆ ಬರೆಯುವವರ ಬೇಡಿಕೆ ಒಂದೇ ಸಾಲಿನದು: ಇದರ ಪರ ಮತ ಹಾಕಿ. ಸೆಪ್ಟೆಂಬರ್ 24ರಂದು ಅದು 80–19ರಿಂದ ಗೆದ್ದಿತು. ಪತ್ರಗಳಿಂದಲೇ ಗೆದ್ದಿತು ಎಂದರೆ ಉತ್ಪ್ರೇಕ್ಷೆ. ಹಿಂದಿನ ವರ್ಷದ ಕ್ಯೂಬಾ ಬಿಕ್ಕಟ್ಟು ನಾಯಕರನ್ನೂ ಹೆದರಿಸಿತ್ತು. ಭೂಗತ ಪರೀಕ್ಷೆಗಳು ಮುಂದುವರಿದವು ಕೂಡ.

ನಮ್ಮಲ್ಲಿ ದಾರಿ ಬೇರೆ. ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರುವ ತೀರ್ಮಾನ ಕೇಂದ್ರ ಸರ್ಕಾರದ್ದು, ಅದಕ್ಕೆ ಸಂಸತ್ತಿನ ಮತ ಕಡ್ಡಾಯವಲ್ಲ. ಆದ್ದರಿಂದ ಸಂಸದರನ್ನು "ಮತ ಹಾಕಿ" ಎಂದಲ್ಲ, "ಪ್ರಶ್ನೆ ಕೇಳಿ" ಎಂದು ಕೋರಬೇಕು. ಸದಸ್ಯರು 15 ದಿನ ಮುಂಚಿತವಾಗಿ ನೋಟಿಸ್ ಕೊಟ್ಟು ಕೇಳಿದ ಪ್ರಶ್ನೆ ಅಂಗೀಕಾರವಾದರೆ ಸಚಿವರು ಉತ್ತರಿಸಬೇಕು, ಆ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ಉದಾಹರಣೆಗೆ, 2021ರ ಜನವರಿ 22ರಂದು ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆಗ ಹೀಗೆ ಬರೆಯಬಹುದು:

"ಮಾನ್ಯರೇ, ನಾನು ತಮ್ಮ ಕ್ಷೇತ್ರದ ನಿವಾಸಿ, ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಅಣ್ವಸ್ತ್ರ ನಿಷೇಧ ಒಪ್ಪಂದದ ಸದಸ್ಯ ರಾಷ್ಟ್ರಗಳ ಮುಂದಿನ ಸಭೆಗೆ ಭಾರತ ವೀಕ್ಷಕನಾಗಿಯಾದರೂ ಹೋಗುವುದೇ ಎಂದು ವಿದೇಶಾಂಗ ಸಚಿವರನ್ನು ತಾವು ಸದನದಲ್ಲಿ ಕೇಳಬೇಕೆಂದು ಕೋರುತ್ತೇನೆ. ತಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇನೆ."

ಇಷ್ಟೇ ಸಾಕು. ನಾಲ್ಕು ಪುಟ ಬರೆದರೆ ಕೋರಿಕೆ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಊರಿನ ಹಬ್ಬ, ಮೆರವಣಿಗೆಯ ಹೊತ್ತಿಗೆ ಉದ್ವಿಗ್ನತೆ ಇದ್ದು ಶಾಂತಿ ಸಮಿತಿ ಸಭೆ ಬೇಕೆಂದಾದರೆ ಸಂಸದರಿಗಲ್ಲ, ಶಾಸಕರಿಗೆ ಬರೆಯಿರಿ. ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯಪಟ್ಟಿಯಲ್ಲಿವೆ.

"ನಮಗಿನ್ನೂ ಮತವಿಲ್ಲ, ಮೇಲಾಗಿ ನಮ್ಮ ಹೆಸರು ನೋಡಿದರೆ ಪಕ್ಕಕ್ಕಿಡುತ್ತಾರೆ" ಎಂದು ಕೆಲವರು ಹೇಳುವುದುಂಟು. ಮತಕ್ಕೆ 18 ವರ್ಷವಾಗಬೇಕು. ಸಂವಿಧಾನದ 19ನೇ ವಿಧಿಯ ವಾಕ್‌ಸ್ವಾತಂತ್ರ್ಯಕ್ಕೆ ವಯಸ್ಸಿನ ಮಿತಿಯಿಲ್ಲ. ಹೆಸರಿನ ಅಳುಕು ಸುಳ್ಳೆಂದು ನಾನು ಹೇಳಲಾರೆ. ಆದರೆ ಹೆಸರು, ವಿಳಾಸವಿಲ್ಲದ ಪತ್ರಕ್ಕೆ ಉತ್ತರ ಕಳುಹಿಸುವುದಾದರೂ ಎಲ್ಲಿಗೆ? ಪೂರ್ಣ ಹೆಸರು, ಊರು ಬರೆದೇ ಸಹಿ ಹಾಕಿ. ನೆರೆಮನೆಯ, ಪಕ್ಕದ ಕಾಲೇಜಿನ ಗೆಳೆಯ ಗೆಳತಿಯರ ಸಹಿಯೂ ಜೊತೆಗಿದ್ದರೆ ಒಳ್ಳೆಯದು.

ಭಾಷೆ ಖಾರವಾಗುವುದು ಬೇಡ. ಫಿರ್‌ಔನನ ಬಳಿಗೆ ಕಳುಹಿಸುವಾಗಲೂ ಮೂಸಾ ಮತ್ತು ಹಾರೂನರಿಗೆ (ಅ.ಸ.) ಮೃದುವಾಗಿ ಮಾತನಾಡಲು ಅಲ್ಲಾಹನು ಆದೇಶಿಸಿದ್ದನ್ನು ಸೂರಃ ತ್ವಾಹಾದಲ್ಲಿ ಓದಿದ್ದೇವೆ. ನಮ್ಮ ಸಂಸದರು ಫಿರ್‌ಔನನೇನಲ್ಲವಲ್ಲ!

ಪತ್ರದ ಪ್ರತಿಯೊಂದನ್ನು ಇಟ್ಟುಕೊಳ್ಳಿ. ತಿಂಗಳಲ್ಲಿ ಉತ್ತರ ಬಾರದಿದ್ದರೆ ಆ ಪ್ರತಿಯನ್ನು ಲಗತ್ತಿಸಿ ನೆನಪೋಲೆ ಕಳುಹಿಸಿ. ಉಪನ್ಯಾಸಕರಿಗೆ ಇನ್ನೊಂದು ಬಾಗಿಲೂ ಇದೆ: ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 7 ಮಂದಿ ಶಿಕ್ಷಕರ ಕ್ಷೇತ್ರಗಳಿಂದ ಆರಿಸಿ ಬಂದವರು.