ಹೃದಯದೌರ್ಬಲ್ಯವುಳ್ಳವರಿಗೆ ರಸಪರಿತ್ಯಾಗ

ಭಾದ್ರಪದದಲ್ಲಿ ದಶಲಕ್ಷಣ ಪರ್ವವು ಸಮೀಪಿಸಿದಾಗ, ಹೃದ್ರೋಗಿಗಳಾದ ಹಿರಿಯರಿರುವ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು: ಇಷ್ಟು ವರ್ಷ ತಪ್ಪದೆ ನಡೆಸಿದ ಉಪವಾಸವನ್ನು ಈಗ ಬಿಡುವುದೆಂತು?

ತತ್ತ್ವಾರ್ಥಸೂತ್ರವು ಬಾಹ್ಯತಪಸ್ಸನ್ನು ಆರು ವಿಧವಾಗಿ ಹೇಳಿದೆ. ಅನಶನವು ಅವುಗಳಲ್ಲೊಂದು ಮಾತ್ರ. ಅವಮೌದರ್ಯ, ರಸಪರಿತ್ಯಾಗಗಳೂ ತಪಸ್ಸೇ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿನೊಡನೆ ‘ಶಕ್ತಿತಃ’ ಎಂಬ ಪದವೂ ಸೇರಿದೆ. ಅದನ್ನು ಪಠಿಸುವವರು ಬಹಳ, ನಿಂತು ಆಲೋಚಿಸುವವರು ಕಡಿಮೆ.

ಹೃದಯವೈಫಲ್ಯವೆಂದರೆ ಹೃದಯವು ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ನೂಕುವ ಬಲವು ಅದಕ್ಕೆ ಕುಂದಿರುತ್ತದೆ. ಆಗ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ. ಕಾಲುಗಳು ಬಾತುಕೊಳ್ಳುತ್ತವೆ, ಮಲಗಿದರೆ ಉಸಿರು ಕಟ್ಟುತ್ತದೆ. ಇದಕ್ಕಾಗಿ ವೈದ್ಯರು ಮೂತ್ರವನ್ನು ಹೆಚ್ಚಿಸುವ ಗುಳಿಗೆಯನ್ನು ಕೊಡುವರು. ಅದನ್ನು ಸೇವಿಸಿ ದಿನವಿಡೀ ನಿರ್ಜಲವಾಗಿದ್ದರೆ ರಕ್ತದೊತ್ತಡವು ಇಳಿದು ತಲೆಸುತ್ತಿ ಬೀಳುವ, ಮೂತ್ರಪಿಂಡಗಳು ಕೆಡುವ ಭಯವಿದೆ. ಗುಳಿಗೆಯನ್ನೇ ಬಿಟ್ಟರೆ ನೀರು ಮತ್ತೆ ತುಂಬುವುದು. ಆದುದರಿಂದ ಇಂತಹವರಿಗೆ ನಿರ್ಜಲ ಉಪವಾಸವು ಶಕ್ತಿಯನ್ನು ಮೀರಿದ ಕಾರ್ಯ.

ತ್ಯಾಗಕ್ಕೆ ಹೇಳಿದ ಆರು ರಸಗಳಾವುವು? ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು. ಈ ರೋಗಿಗೆ ವೈದ್ಯರು ಮಿತಗೊಳಿಸಲು ಹೇಳುವ ವಸ್ತುಗಳಲ್ಲಿ ಉಪ್ಪು ಮೊದಲನೆಯದು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಿಡೋಣಿಯಂತಹ ಊರಿನ ಊಟದಲ್ಲಿ ಜೋಳದ ರೊಟ್ಟಿಯು ನಿರಪರಾಧಿ. ಅದರ ಪಕ್ಕದ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿಯೇ ಉಪ್ಪು ಅಡಗಿರುವುದು. ವಾರಕ್ಕೊಂದು ದಿನ ಉಪ್ಪನ್ನು ಬಿಟ್ಟು ಉಳಿದ ಆರು ದಿನ ಯಥೇಚ್ಛವಾಗಿ ಉಂಡರೆ ಈ ರೋಗದಲ್ಲಿ ಪ್ರಯೋಜನವಿಲ್ಲ. ನಿತ್ಯದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಂಡು, ಅದನ್ನೇ ಭೋಗೋಪಭೋಗ ಪರಿಮಾಣದಲ್ಲಿ ಸೇರಿಸಬಹುದು. ಯಾವಜ್ಜೀವ ಯಮಕ್ಕಿಂತ ಕಾಲಮಿತಿಯುಳ್ಳ ನಿಯಮವೇ ಲೇಸು, ಏಕೆಂದರೆ ಔಷಧವು ಬದಲಾದಂತೆ ಪ್ರಮಾಣವೂ ಬದಲಾಗಬಹುದು.

ಸೈಂಧವ ಲವಣವು ಉಪ್ಪಲ್ಲವೆಂಬ ಭ್ರಮೆಯೂ ಉಂಟು. ಅದರಲ್ಲಿಯೂ ಇರುವುದು ಬಹುಪಾಲು ಸೋಡಿಯಂ ಕ್ಲೋರೈಡೇ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕೆಲವು ಹೃದಯೌಷಧಗಳೊಡನೆ ಅದು ಅಪಾಯಕರ.

ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ಬಳಿಕ, ಆಹಾರಕ್ಕೆ ಮೊದಲು ತೂಕ ನೋಡಿ ಬರೆದಿಡಬೇಕು. ಮೂರು ದಿನಗಳಲ್ಲಿ 2 ಕಿಲೋಗ್ರಾಂಗಿಂತ ಹೆಚ್ಚಿದರೆ ನೀರು ತುಂಬುತ್ತಿರುವ ಸೂಚನೆಯೆಂದು ತಿಳಿದು ವೈದ್ಯರನ್ನು ಕಾಣಬೇಕು. ರಾತ್ರಿಭೋಜನತ್ಯಾಗಿಗಳು ಅದನ್ನು ಮೊದಲೇ ತಿಳಿಸಿದರೆ, ಅನೇಕ ಗುಳಿಗೆಗಳ ವೇಳೆಯನ್ನು ಸೂರ್ಯಾಸ್ತದೊಳಗೆ ಹೊಂದಿಸಿಕೊಡುವುದು ವೈದ್ಯರಿಗೆ ಕಷ್ಟವಲ್ಲ. ರಾತ್ರಿ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಮಾತ್ರ ಸೂರ್ಯೋದಯವನ್ನು ಕಾಯದೆ ವಿಜಯಪುರದ ಆಸ್ಪತ್ರೆಗೆ ಕರೆದೊಯ್ಯಬೇಕು.