ಮೂತಿಗೆ ಎಷ್ಟು ಗ್ರಾಂ? ಹಳೆಯ ಗ್ಲೈಡರ್ ಮಾದರಿಯಿಂದ ಸಮತೋಲದ ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ವೀಕ್ಷಿಸಿದ ಒಂದು ಪಾಠದ ಟಿಪ್ಪಣಿ ಇದು. ತರಗತಿ ಒಂಬತ್ತು, ವಿಷಯ ವಿಜ್ಞಾನ, ಗುರುತ್ವ ಕೇಂದ್ರದ ಮೇಲೆ ಒಂದು ವಿಸ್ತರಣಾ ಪಾಠ. ಬೋಧನೋಪಕರಣವಾಗಿ ಪ್ರಶಿಕ್ಷಣಾರ್ಥಿ ತಂದದ್ದು ರೇಡಿಯೊ ನಿಯಂತ್ರಣ ಅಳವಡಿಸಿದ ಹಳೆಯ ವಿನ್ಯಾಸದ ಗ್ಲೈಡರ್ ಮಾದರಿ. ಎರಡು ತಿಂಗಳು ಕೂತು ಅವರೇ ಕಟ್ಟಿದ್ದರು. ಶಾಲೆಯ ಮೈದಾನದಲ್ಲಿ ಮೊದಲ ಎಸೆತಕ್ಕೇ ಅದು ಮೂತಿ ಮೇಲೆತ್ತಿ, ಒಂದು ಕ್ಷಣ ನಿಂತಂತಾಗಿ, ಮುಗ್ಗರಿಸಿ ಬಿತ್ತು. ಮಕ್ಕಳು ನಕ್ಕರು. ‘ಉಪಕರಣದ ಪೂರ್ವಪರೀಕ್ಷೆ ಆಗಿಲ್ಲ’ ಎಂದು ನಾನು ವೀಕ್ಷಣಾ ಹಾಳೆಯಲ್ಲಿ ಬರೆದೂ ಆಗಿತ್ತು. ಆ ಸಾಲನ್ನು ಆಮೇಲೂ ಅಳಿಸಲಿಲ್ಲ, ಆದರೆ ಅದರ ಕೆಳಗೆ ಬರೆಯಬೇಕಾದದ್ದು ಬಹಳವಿತ್ತು.

ಮಾದರಿಯ ಹಿನ್ನೆಲೆ ಸ್ವಲ್ಪ ತಿಳಿದಿರಬೇಕು. 1950ರ ದಶಕದಲ್ಲಿ ಯುರೋಪಿನಲ್ಲಿ ಹವ್ಯಾಸಿಗಳು ಕಟ್ಟುತ್ತಿದ್ದ ‘ನಾರ್ಡಿಕ್ ಎ-2’ ವರ್ಗದ ಗ್ಲೈಡರ್‌ಗಳ ಮಾದರಿಯಲ್ಲಿ ಇದನ್ನು ಮಾಡಲಾಗಿತ್ತು. ಆ ವರ್ಗದ ನಿಯಮ ಸರಳ: ರೆಕ್ಕೆ ಮತ್ತು ಬಾಲರೆಕ್ಕೆಯ ಒಟ್ಟು ಕ್ಷೇತ್ರಫಲ 32ರಿಂದ 34 ಚದರ ಡೆಸಿಮೀಟರ್, ತೂಕ ಕನಿಷ್ಠ 410 ಗ್ರಾಂ, ಗಾಳಿಪಟದಂತೆ ಮೇಲೆಳೆಯಲು 50 ಮೀಟರ್ ದಾರ. ದಾರ ಕಳಚಿದ ಮೇಲೆ ಅದರ ಮೇಲೆ ಯಾರ ಹಿಡಿತವೂ ಇರುತ್ತಿರಲಿಲ್ಲ. ಬಿಸಿಗಾಳಿಯ ಏರಿಕೆಗೆ ಸಿಕ್ಕಿದರೆ ಕಣ್ಣಿಗೆ ಕಾಣದಷ್ಟು ದೂರ ಹೋಗಿಬಿಡುತ್ತಿತ್ತು. ಅದಕ್ಕೆ ಒಂದು ಜಾಣ ಉಪಾಯವಿತ್ತು. ನಿಧಾನಕ್ಕೆ ಉರಿಯುವ ಬತ್ತಿಯೊಂದು ರಬ್ಬರ್ ಬಳೆಯನ್ನು ಸುಡುತ್ತದೆ, ಬಾಲರೆಕ್ಕೆಯ ಹಿಂದಂಚು ಥಟ್ಟನೆ ಮೇಲೇಳುತ್ತದೆ, ಗ್ಲೈಡರ್ ತೇಲುವುದನ್ನು ಬಿಟ್ಟು ಚಪ್ಪಟೆಯಾಗಿ ಕೆಳಗಿಳಿಯುತ್ತದೆ. ಇಂದು ಆ ಬತ್ತಿಯ ಕೆಲಸವನ್ನು ರೇಡಿಯೊ ಮಾಡುತ್ತದೆ. ಹಳೆಯ ಮಾದರಿಗೆ ರೇಡಿಯೊ ಹಾಕುವುದು ಕಸರತ್ತು ಮಾಡಿಸಲಿಕ್ಕಲ್ಲ, ಮನೆಗೆ ಕರೆತರಲಿಕ್ಕೆ.

ಇಂಥ ವಿನ್ಯಾಸಕ್ಕೆ ಏಲೆರಾನ್ ಬೇಕಿಲ್ಲ, ರಡ್ಡರ್ ಮತ್ತು ಎಲಿವೇಟರ್ ಸಾಕು. ರೆಕ್ಕೆಗಳು ‘ವಿ’ ಆಕಾರದಲ್ಲಿ ಮೇಲಕ್ಕೆ ಬಾಗಿರುವುದರಿಂದ, ರಡ್ಡರ್ ಮೂತಿಯನ್ನು ಎಡಕ್ಕೆ ತಿರುಗಿಸಿದಾಗ ಬಲರೆಕ್ಕೆ ಗಾಳಿಯನ್ನು ಹೆಚ್ಚಿನ ಕೋನದಲ್ಲಿ ಎದುರಿಸಿ ಮೇಲೇಳುತ್ತದೆ. ಮಾದರಿ ತಾನಾಗಿ ಎಡಕ್ಕೆ ವಾಲಿ ತಿರುಗುತ್ತದೆ. ಕಟ್ಟುವ ಕೆಲಸ ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ಬಾಲ್ಸಾ ಕಡ್ಡಿಗಳನ್ನು ಅಂಟಿಸುವುದು, ಅಷ್ಟೆ. ಒಂದೇ ಎಚ್ಚರಿಕೆ: ಟಿಶ್ಯೂ ಕಾಗದಕ್ಕೆ ನೀರು ಚಿಮುಕಿಸಿ ಬಿಗಿಗೊಳಿಸಿದ ಮೇಲೆ, ಡೋಪ್ ಬಳಿದು ಒಣಗುವವರೆಗೂ ರೆಕ್ಕೆಯನ್ನು ಹಲಗೆಗೆ ಒತ್ತಿ ಕಟ್ಟಿಡಬೇಕು, ಇಲ್ಲದಿದ್ದರೆ ಅದು ಹಪ್ಪಳದಂತೆ ತಿರುಚಿಕೊಳ್ಳುತ್ತದೆ. ಡೋಪ್ ಬಳಿಯುವಾಗ ಕಿಟಕಿ ತೆರೆದಿರಲಿ. ಇಂದಿನ ಫೋಮ್ ವಿಮಾನಗಳಲ್ಲಿ ಕಾಣದ ಒಳಗಟ್ಟು ಇದರಲ್ಲಿ ಕಾಗದದ ಮೂಲಕವೇ ಕಾಣುತ್ತದೆ. ತರಗತಿಗೆ ಹಳೆಯ ವಿನ್ಯಾಸ ಒಳ್ಳೆಯದು ಎನ್ನಲು ನನಗೆ ಈ ಕಾರಣವೇ ಸಾಕು.

ಇನ್ನು ಬಿದ್ದ ಕತೆ. ನಮ್ಮ ಪ್ರಶಿಕ್ಷಣಾರ್ಥಿ ‘ಹೇಗೂ ರೇಡಿಯೊ ತೂಕ ಬರುತ್ತದಲ್ಲ’ ಎಂದು ಮೂತಿಯಲ್ಲಿದ್ದ ಸೀಸವನ್ನು ತೆಗೆದುಬಿಟ್ಟಿದ್ದರು. ಬ್ಯಾಟರಿಯನ್ನು ಮಾತ್ರ ತೆಗೆದು ಹಾಕಲು ಸುಲಭವೆಂದು ರೆಕ್ಕೆಯ ಕೆಳಗೇ ಇಟ್ಟಿದ್ದರು. ಅವರ ಪಾಠ ಯೋಜನೆಯಲ್ಲಿ ಮುಂದಿನ ಹಂತ ‘ಹಾರಾಟದ ಪ್ರದರ್ಶನ’ ಎಂದಿತ್ತು. ಅದನ್ನು ಬದಿಗಿಟ್ಟು ಅವರು ಮಕ್ಕಳನ್ನು ಸುತ್ತ ಕೂರಿಸಿ, “ಇದು ಯಾಕೆ ಬಿತ್ತು?” ಎಂದು ಕೇಳಿದರು. ಆ ಪಾಠ ಉಳಿದದ್ದು ಅಲ್ಲಿ.

“ಗಾಳಿ ಜಾಸ್ತಿ ಸರ್” ಎಂದ ಒಬ್ಬ. “ಹಿಂದೆ ಭಾರ” ಎಂದ ಇನ್ನೊಬ್ಬ. ಎರಡನೆಯದನ್ನು ಪರೀಕ್ಷಿಸಬಹುದಿತ್ತು. ರೆಕ್ಕೆಯ ಕೆಳಗೆ ಎರಡು ಕಡೆ ಬೆರಳಿಟ್ಟು ಎತ್ತಿದಾಗ ಗ್ಲೈಡರ್ ಸಮವಾಗಿ ನಿಂತದ್ದು ರೆಕ್ಕೆಯ ಮುಂದಂಚಿನಿಂದ 9 ಸೆಂ.ಮೀ. ಹಿಂದೆ. ರೆಕ್ಕೆಯ ಅಗಲ 15 ಸೆಂ.ಮೀ., ನಕ್ಷೆಯ ಗುರುತು 7.5ರಲ್ಲಿ. ಕೈಯಲ್ಲಿ ನಿಯಂತ್ರಿಸುವಾಗ ಇನ್ನೂ ಮುಂದೆ, 6 ಸೆಂ.ಮೀ.ನಲ್ಲಿ ಇದ್ದರೆ ಮಾದರಿ ಸ್ಥಿರವಾಗಿರುತ್ತದೆ ಎಂದು ಅವರು ವಿವರಿಸಿದರು. ಒಟ್ಟು ತೂಕ 450 ಗ್ರಾಂ. ಕಪ್ಪುಹಲಗೆಯ ಬದಲು ನೆಲದ ಮೇಲೆ ಕಡ್ಡಿಯಿಂದ ಬರೆದರು: 6 ಸೆಂ.ಮೀ. ಬಿಂದುವೇ ತಕ್ಕಡಿಯ ನಡು. 450 ಗ್ರಾಂ ಅದರ ಹಿಂದೆ 3 ಸೆಂ.ಮೀ. ದೂರದಲ್ಲಿದೆ, ಅಂದರೆ 1350. ಮೂತಿಯ ತುದಿ ಮುಂದಂಚಿನಿಂದ 30 ಸೆಂ.ಮೀ. ಮುಂದೆ.

“1350ನ್ನು 30ರಿಂದ ಭಾಗಿಸಿದರೆ 45 ಗ್ರಾಂ” ಎಂದು ಹಲವರು ಕೂಗಿದರು. ಇದು ಎಲ್ಲರೂ ಮಾಡುವ ತಪ್ಪು, ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ ಕಂಡಿದ್ದೇನೆ. ಅಳೆಯಬೇಕಾದದ್ದು ರೆಕ್ಕೆಯ ಅಂಚಿನಿಂದಲ್ಲ, ತಕ್ಕಡಿಯ ನಡುವಿನಿಂದ. 30ಕ್ಕೆ 6 ಕೂಡಿಸಿ 36. ಆಗ ಬೇಕಾದ ಸೀಸ 37.5 ಗ್ರಾಂ. ಬಾವಿಯ ಏತದ ಕಲ್ಲನ್ನು ಊರುಗಂಬದಿಂದಲೇ ಅಳೆಯುವುದು ಎಂದು ಅವರು ಹೇಳಿದ ಉದಾಹರಣೆ ಅರ್ಧ ಮಕ್ಕಳಿಗೆ ತಲುಪಲಿಲ್ಲ, ಏತ ನೋಡಿದವರೇ ಕಡಿಮೆ. ತಕ್ಕಡಿ ತಲುಪಿತು.

ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಸೀಸ ಯಾಕೆ ಸರ್? ಇರೋ ಬ್ಯಾಟರಿನೇ ಮುಂದಕ್ಕೆ ತಳ್ಳಿದ್ರೆ ಆಗಲ್ವಾ?”

ಪ್ರಶಿಕ್ಷಣಾರ್ಥಿ ಒಂದು ಗಳಿಗೆ ಸುಮ್ಮನಾದರು. ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ಲೆಕ್ಕ ಹಾಕಿ ನೋಡೋಣಮ್ಮ” ಎಂದರು. ಬ್ಯಾಟರಿಯ ತೂಕ 48 ಗ್ರಾಂ. 1350ನ್ನು 48ರಿಂದ ಭಾಗಿಸಿದರೆ 28 ಸೆಂ.ಮೀ.ಗೆ ತುಸು ಹೆಚ್ಚು. ಬ್ಯಾಟರಿ ಇದ್ದದ್ದು ಮುಂದಂಚಿನಿಂದ 4 ಸೆಂ.ಮೀ. ಹಿಂದೆ. ಹೋಗಬೇಕಾದದ್ದು 24 ಸೆಂ.ಮೀ. ಮುಂದಕ್ಕೆ. ಮೂತಿಯಲ್ಲಿ ಜಾಗವಿತ್ತು! ಒಂದು ಗ್ರಾಂ ಸೀಸವೂ ಇಲ್ಲದೆ ಕೆಲಸವಾಯಿತು. ತಂತಿಯನ್ನು ಉದ್ದ ಮಾಡಬೇಕಾಗಿ ಬಂದದ್ದರಿಂದ ಹಾರಾಟ ಮರುದಿನಕ್ಕೆ ಹೋಯಿತು.

ಮರುದಿನ ಅದು ಮೊದಲು ಸ್ವಲ್ಪ ಮೂತಿ ತಗ್ಗಿಸಿತು. ಹಳೆಯ ವಿನ್ಯಾಸದಲ್ಲಿ ಬಾಲರೆಕ್ಕೆಯೂ ಭಾರ ಹೊರುತ್ತದೆ, ಗುರುತ್ವ ಕೇಂದ್ರ ಮುಂದೆ ಬಂದಾಗ ಅದರ ಎತ್ತುವಿಕೆ ಕಡಿಮೆಯಾಗಬೇಕು. ಬಾಲರೆಕ್ಕೆಯ ಹಿಂದಂಚಿನ ಕೆಳಗೆ ತೆಳು ಬಾಲ್ಸಾ ಚೂರು ಇಟ್ಟ ಮೇಲೆ ನೇರವಾಗಿ ತೇಲಿತು.

ಇದನ್ನು ಅಳವಡಿಸಿಕೊಳ್ಳುವವರಿಗೆ ಎರಡು ಮಾತು. ಟ್ರಾನ್ಸ್‌ಮಿಟರನ್ನು ಮೊದಲು ಹಚ್ಚಿ, ಕೊನೆಗೆ ಆರಿಸಿ. ವಿದ್ಯುತ್ ತಂತಿಗಳಿರುವ ಮೈದಾನ ಬೇಡ. ಎರಡನೆಯದು ಬೋಧನೆಗೆ ಸಂಬಂಧಿಸಿದ್ದು. ರೇಡಿಯೊ ಶಿಕ್ಷಕರ ಕೈಯಲ್ಲಿದ್ದಷ್ಟು ಹೊತ್ತು ಮಕ್ಕಳು ಬರೀ ಪ್ರೇಕ್ಷಕರು. ಆದ್ದರಿಂದ ಮೊದಲ ಅವಧಿ ಪೂರ್ತಿ ಬೆರಳು, ಅಳತೆಪಟ್ಟಿ, ತಕ್ಕಡಿಗೇ ಮೀಸಲಿರಲಿ. ಬ್ಯಾಟರಿಯನ್ನು ಬೇಕೆಂದೇ ತಪ್ಪು ಜಾಗದಲ್ಲಿಟ್ಟು ತರಗತಿಗೆ ಕೊಡಬಹುದೇ ಎಂದು ಪ್ರಶಿಕ್ಷಣಾರ್ಥಿ ನನ್ನನ್ನು ಕೇಳಿದರು. ಕೊಡಿ ಎಂದೆ, ಆದರೆ ಎಸೆಯುವ ಮೊದಲು.