ಹೊಸ ಕೊಳವೆಬಾವಿಗೆ ಮುನ್ನ: ನಿರ್ಣಯಕ್ಕೆ ನೆರವಾಗುವ ಅಂಕಿಅಂಶ

ಬೇಸಿಗೆ ಆರಂಭವಾಗುತ್ತಿದ್ದಂತೆ ಗ್ರಾಮ ಪಂಚಾಯಿತಿ ಸಭೆಗಳಲ್ಲಿ ಹೊಸ ಕೊಳವೆಬಾವಿಯ ಬೇಡಿಕೆ ಕೇಳಿಬರುತ್ತದೆ. ಕೇರಿಗೆ ನೀರು ಬರುತ್ತಿಲ್ಲವೆಂಬ ದೂರು ನಿಜವೇ ಇರುತ್ತದೆ. ಆದರೆ ಅದಕ್ಕೆ ಕಾರಣ ಜಲಮೂಲದ ಕೊರತೆಯೋ, ಪಂಪಿನ ದೋಷವೋ, ಸೋರಿಕೆಯೋ, ಹಂಚಿಕೆಯ ಅಸಮತೆಯೋ ಎಂಬುದು ದೂರಿನಿಂದಷ್ಟೇ ತಿಳಿಯದು. ಕಾರಣವರಿಯದೆ ಕೈಗೊಂಡ ನಿರ್ಣಯದಿಂದ ಹಣ ವ್ಯಯವಾಗಿಯೂ ಕೊಡ ಖಾಲಿಯೇ ಉಳಿಯಬಹುದು.

ವ್ಯಾಪಾರ ಸಂಸ್ಥೆಗಳು ಮಾರಾಟ, ದಾಸ್ತಾನು ಹಾಗೂ ವೆಚ್ಚದ ಲೆಕ್ಕಗಳನ್ನು ಪರಸ್ಪರ ತಾಳೆ ನೋಡಿ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತವೆ. ಇದೇ ದತ್ತಾಂಶ ವಿಶ್ಲೇಷಣೆ. ಪಂಚಾಯಿತಿಯಲ್ಲಿಯೂ ಪಂಪು ಚಾಲನೆಯ ವಹಿ, ವಿದ್ಯುತ್ ಬಿಲ್ಲು, ದುರಸ್ತಿ ವೋಚರು, ದೂರು ವಹಿಗಳು ಇದೇ ಕೆಲಸಕ್ಕೆ ಒದಗುತ್ತವೆ.

1. ಅಗತ್ಯ ಮತ್ತು ಪೂರೈಕೆ

ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ವ್ಯಕ್ತಿಗೆ ದಿನಕ್ಕೆ ಕನಿಷ್ಠ 55 ಲೀಟರ್ ನೀರು ದೊರೆಯಬೇಕು. 1,200 ಜನಸಂಖ್ಯೆಯ ಗ್ರಾಮವೊಂದನ್ನು ಉದಾಹರಣೆಯಾಗಿ ಊಹಿಸಿಕೊಳ್ಳೋಣ. ಅದರ ದಿನದ ಅಗತ್ಯ 66,000 ಲೀಟರ್. ಅಲ್ಲಿ 40,000 ಲೀಟರ್ ಸಾಮರ್ಥ್ಯದ ಮೇಲ್ತೊಟ್ಟಿ ದಿನಕ್ಕೆ ಎರಡು ಬಾರಿ ತುಂಬುತ್ತಿದ್ದರೆ ಪೂರೈಕೆ 80,000 ಲೀಟರ್. ಅಂದರೆ ತಲಾ ಸರಾಸರಿ ಸುಮಾರು 67 ಲೀಟರ್. ಲೆಕ್ಕದ ಮಟ್ಟಿಗೆ ಕೊರತೆಯಿಲ್ಲ. ಆದರೂ ಕೊನೆಯ ಕೇರಿಯಿಂದ ದೂರು ಬರುತ್ತಲೇ ಇದೆ.

2. ಸರಾಸರಿಯ ಮರೆಯಲ್ಲಿರುವುದು

ಸರಾಸರಿಯು ಊರಿನ ಒಟ್ಟು ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಕೇರಿಯ ಸ್ಥಿತಿಯನ್ನಲ್ಲ. ಅದನ್ನು ತಿಳಿಯಲು 20 ಲೀಟರಿನ ಬಕೆಟ್ಟು ಮತ್ತು ಒಂದು ಗಡಿಯಾರ ಸಾಕು. ಒಂದೇ ಗಂಟೆ ನೀರು ಬಿಡುವ ಊರಿನಲ್ಲಿ ಮೊದಲ ಬೀದಿಯ ನಲ್ಲಿಯಲ್ಲಿ ಬಕೆಟ್ಟು 2 ನಿಮಿಷಕ್ಕೆ ತುಂಬಿದರೆ ಆ ಮನೆಗೆ 600 ಲೀಟರ್ ದೊರೆಯುತ್ತದೆ. ಕೊನೆಯ ಕೇರಿಯಲ್ಲಿ 10 ನಿಮಿಷ ಹಿಡಿದರೆ ದೊರೆಯುವುದು 120 ಲೀಟರ್ ಮಾತ್ರ. ಐವರ ಕುಟುಂಬಕ್ಕೆ ಬೇಕಾದುದು 275 ಲೀಟರ್.

ಇಲ್ಲಿ ಕೊರತೆ ಜಲಮೂಲದ್ದಲ್ಲ, ಹಂಚಿಕೆಯದು. ಬೀದಿವಾರು ಸರದಿಯಲ್ಲಿ ವಾಲ್ವ್ ತಿರುಗಿಸುವುದು, ನಲ್ಲಿಗೆ ನೇರವಾಗಿ ಜೋಡಿಸಿದ ಮೋಟರುಗಳನ್ನು ತೆಗೆಸುವುದು, ಸೋರುವ ಕೊಳವೆಯನ್ನು ದುರಸ್ತಿಪಡಿಸುವುದು ಮೊದಲ ಪರಿಹಾರಗಳು. ಸರದಿ ಬದಲಾದಾಗ ಮೊದಲ ಬೀದಿಯವರ ಆಕ್ಷೇಪ ಸಹಜ. ಆಗ ಎರಡು ಬೀದಿಗಳ ಅಳತೆಯನ್ನು ಸಭೆಯ ಮುಂದಿಟ್ಟರೆ ಚರ್ಚೆಯು ವ್ಯಕ್ತಿಗಳ ಮೇಲೆ ನಡೆಯದೆ ವಿಷಯದ ಮೇಲೆ ನಡೆಯುತ್ತದೆ.

3. ಅಂದು ಮತ್ತು ಇಂದು

ಇನ್ನೊಂದು ಸಂದರ್ಭ. ನೀರು ಬಿಡದಿರುವಾಗ ಡಿಸೆಂಬರಿನಲ್ಲಿ 4 ಗಂಟೆಗೆ ತುಂಬುತ್ತಿದ್ದ ಅದೇ ತೊಟ್ಟಿ ಮಾರ್ಚಿನಲ್ಲಿ 6 ಗಂಟೆ ತೆಗೆದುಕೊಂಡರೆ ಏನೋ ಬದಲಾಗಿದೆ ಎಂದರ್ಥ. ಮೊದಲು ಕೊಳವೆಬಾವಿಯ ನೀರಿನ ಮಟ್ಟವನ್ನು ಅಳೆಯಿಸಬೇಕು. ಮಟ್ಟ ಗಣನೀಯವಾಗಿ ಕುಸಿದಿದ್ದರೆ ಜಲಮೂಲದ ಚರ್ಚೆ ಯುಕ್ತ. ಮಟ್ಟ ಹಾಗೆಯೇ ಇದ್ದರೆ ಪಂಪು, ವೋಲ್ಟೇಜು ಹಾಗೂ ತೊಟ್ಟಿಯವರೆಗಿನ ಕೊಳವೆಮಾರ್ಗವನ್ನು ಪರೀಕ್ಷಿಸಬೇಕು. ಪಂಪು ಓಡಿದ ಗಂಟೆ ಹೆಚ್ಚಿದಂತೆ ವಿದ್ಯುತ್ ಬಿಲ್ಲಿನ ಯೂನಿಟ್ಟುಗಳೂ ಸಾಮಾನ್ಯವಾಗಿ ಹೆಚ್ಚುವುದರಿಂದ ತಿಂಗಳುವಾರು ಬಿಲ್ಲುಗಳ ಹೋಲಿಕೆಯೇ ಮೊದಲ ಎಚ್ಚರಿಕೆಯಾಗಬಲ್ಲದು.

4. ಅಂಕಿಗಳನ್ನೂ ಪರೀಕ್ಷಿಸಬೇಕು

ಪ್ರತಿದಿನವೂ ಒಂದೇ ಸಂಖ್ಯೆ, ಒಂದೇ ಶಾಯಿಯಲ್ಲಿ ಇಡೀ ತಿಂಗಳ ನಮೂದು ಕಂಡುಬಂದರೆ ಆ ವಹಿಯನ್ನು ಸಂಶಯದಿಂದ ನೋಡುವುದು ಉಚಿತ. ದೂರು ವಹಿಯಲ್ಲಿ ದೂರಿಲ್ಲದ ಮಾತ್ರಕ್ಕೆ ತೊಂದರೆಯಿಲ್ಲವೆಂದೂ ತಿಳಿಯಬಾರದು. ಕಚೇರಿಗೆ ಬರಲಾರದವರೂ ಇರುತ್ತಾರೆ. ಸದಸ್ಯರು ನೀರು ಬಿಡುವ ಹೊತ್ತಿಗೆ ಕೇರಿಗೆ ತೆರಳಿ ನೀರು ಹಿಡಿಯುವ ಮಹಿಳೆಯರನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಅವಶ್ಯ.

5. ನಿರ್ಣಯ ಮತ್ತು ಮರುಪರಿಶೀಲನೆ

ನಡಾವಳಿಯಲ್ಲಿ ನಿರ್ಣಯದೊಡನೆ ಅದಕ್ಕೆ ಆಧಾರವಾದ ಅಳತೆ, ಅಳೆದ ದಿನಾಂಕ ಹಾಗೂ ನಿರೀಕ್ಷಿತ ಫಲವನ್ನೂ ದಾಖಲಿಸುವುದು ಒಳ್ಳೆಯದು. ತಿಂಗಳ ನಂತರ ಅದೇ ನಲ್ಲಿಯಲ್ಲಿ ಅದೇ ಬಕೆಟ್ಟಿನಿಂದ ಮತ್ತೆ ಅಳೆದರೆ ಕ್ರಮವು ಫಲಿಸಿತೇ ಎಂಬುದು ತಿಳಿಯುತ್ತದೆ. ಫಲಿಸದಿದ್ದರೆ ನಿರ್ಣಯವನ್ನು ತಿದ್ದಿಕೊಳ್ಳುವುದರಲ್ಲಿ ಸಂಕೋಚ ಸಲ್ಲದು.

ಅಭ್ಯಾಸ: ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಮೊದಲ ಹಾಗೂ ಕೊನೆಯ ನಲ್ಲಿಯಲ್ಲಿ ಬಕೆಟ್ಟು ತುಂಬುವ ಸಮಯವನ್ನು ಮೂರು ದಿನ ಗುರುತು ಮಾಡಿಕೊಂಡು, ಮುಂದಿನ ಸಭೆಗೆ ಆ ಹಾಳೆಯೊಡನೆ ಹಾಜರಾಗುವುದು.